ಪ್ರತಿ: ಪ್ರೋಬ್ ಫಂಕ್ಷನ್ ಪೂರ್ತಿ ಡೆವ್‌ಎಂಗೆ ಬದಲಿಸಬಹುದಾ?

ಮಂಡ್ಯದ ನಿಮ್ಮ ಕಾಲೇಜ್ ಲ್ಯಾಬ್‌ನ ಹಳೇ ಪಿಸಿಐ ಡಿಸ್ಕ್ ಕಾರ್ಡಿನ ಲಿನಕ್ಸ್ ಡ್ರೈವರ್‌ನಲ್ಲಿ ಕಾರ್ಡ್ ಸಿಕ್ಕಾಗ ಅದನ್ನು ಸಜ್ಜುಗೊಳಿಸೋ ಪ್ರೋಬ್ ಫಂಕ್ಷನ್ ತುಂಬಾ ಕೆಫ್ರೀ (ಮೆಮೊರಿಯನ್ನು ಕೈಯಾರೆ ಬಿಡೋ ಕರೆ) ಇದೆ, ಎಲ್ಲವನ್ನೂ ಡೆವ್‌ಎಂಗೆ (ಸಾಧನ ಹೋದಾಗ ಕರ್ನಲ್ ತಾನೇ ಬಿಡುಗಡೆ ಮಾಡೋ ವಿಧಾನ) ಬದಲಿಸಿ, ಇಂಡೆಂಟೇಶನ್ನೂ ಸರಿಮಾಡಿ ಒಂದೇ ಪ್ಯಾಚ್ ಕಳಿಸಲಾ ಅಂತ ಕೇಳಿದ್ದೀರಿ. ಒಂದೇ ಪ್ಯಾಚ್ ಬೇಡ. ಟ್ಯಾಬ್, ಸ್ಪೇಸ್ ಗಲಾಟೆಯಲ್ಲಿ ನಿಜವಾದ ಬದಲಾವಣೆ ಪರಿಶೀಲಿಸುವವರ ಕಣ್ಣಿಗೇ ಬೀಳಲ್ಲ.

ಮೆಮೊರಿಗೆ ಡೆವ್‌ಎಂ ಧಾರಾಳವಾಗಿ ಬಳಸಿ. ಹುಷಾರಾಗಿರಬೇಕಾದ್ದು ಇಂಟರಪ್ಟ್ (ಸಾಧನ ಪ್ರೊಸೆಸರಿಗೆ ಕಳಿಸೋ ಸೂಚನೆ) ವಿಷಯದಲ್ಲಿ. ಡೆವ್‌ಎಂ ಮೂಲಕ ಪಡೆದ ಐಆರ್‌ಕ್ಯೂ (ಇಂಟರಪ್ಟ್ ಬರೋ ಲೈನ್) ಬಿಡುಗಡೆಯಾಗೋದು, ಡ್ರೈವರ್ ಕಾರ್ಡನ್ನು ಬಿಡುವಾಗ ಓಡೋ ರಿಮೂವ್ ಫಂಕ್ಷನ್ ಮುಗಿದ ಮೇಲೆ. ರಿಮೂವ್ ಒಳಗೆ ನೀವು ಕಮಾಂಡ್ ಬಫರನ್ನು ಕೈಯಾರೆ ಬಿಟ್ಟಿದ್ದರೆ, ಆ ಸಂದಿನಲ್ಲಿ ಇಂಟರಪ್ಟ್ ಬಂದಾಗ ಅದಕ್ಕೆ ಓಗೊಡೋ ಹ್ಯಾಂಡ್ಲರ್ ಫಂಕ್ಷನ್ ಹೋಗಿ ಸತ್ತ ಮೆಮೊರಿಯನ್ನೇ ಮುಟ್ಟುತ್ತೆ. ಲೈನ್ ಹಂಚಿಕೊಂಡ ಕಾರ್ಡಾದರೆ ಪಕ್ಕದ ಸಾಧನದ ಇಂಟರಪ್ಟೇ ಸಾಕು. ಇದು ಡಿಸ್ಕ್ ಡ್ರೈವರ್, ಜನರ ಡೇಟಾ ಇದರ ಕೈಯಲ್ಲಿರುತ್ತೆ. ಇಂಥ ಕಡೆ ನಾಲ್ಕು ಸಾಲು ಉಳಿಸೋದು ಮುಖ್ಯವಲ್ಲ. ಐಆರ್‌ಕ್ಯೂ ಮಾತ್ರ ಹಳೇ ರೀತಿಯಲ್ಲೇ ಇರಲಿ: ರಿಮೂವ್‌ನಲ್ಲಿ ಬಫರ್ ಬಿಡೋಕೆ ಮೊದಲು ಅದನ್ನು ಬಿಡಿ, ಪ್ರೋಬ್‌ನ ಗೋಟು ಲೇಬಲ್‌ಗಳಲ್ಲಿ (ತಪ್ಪಾದಾಗ ಹಾರಿ ಬರೋ ಜಾಗ) ಪಡೆದ ಕ್ರಮಕ್ಕೆ ಉಲ್ಟಾ ಬಿಡಿ.

ಕೇಸ್ಯಾನ್ (ತಪ್ಪು ಮೆಮೊರಿ ಬಳಕೆ ಹಿಡಿಯೋ ಕರ್ನಲ್ ಸೌಲಭ್ಯ) ಜೊತೆ ಡಿಬಗ್ ಶೇರ್ಡ್ ಐಆರ್‌ಕ್ಯೂ ಆಯ್ಕೆ ಆನ್ ಮಾಡಿ ಮಾಡ್ಯೂಲ್ ಅನ್‌ಲೋಡ್ ಮಾಡಿ ನೋಡಿ. ಹಂಚಿಕೊಂಡ ಐಆರ್‌ಕ್ಯೂ ಬಿಡುವಾಗ ಕರ್ನಲ್ ಬೇಕಂತಲೇ ಹ್ಯಾಂಡ್ಲರನ್ನು ಇನ್ನೊಮ್ಮೆ ಕರೆಯುತ್ತೆ, ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತೆ. ನಾನಿರೋದು ಮೈಸೂರಿನ ಸರಸ್ವತಿಪುರಂನಲ್ಲಿ, ಭಾನುವಾರ ಕಾರ್ಡ್ ತಗೊಂಡು ರೈಲು ಹತ್ತಿ ಬನ್ನಿ, ಕೂತು ನೋಡೋಣ.