ಹುಲಿಗಿಗೆ ಹೋಗುವ ಮುಂಚೆ ಆಸ್ಪತ್ರೆಗೆ ಹೋಗಿ

ಪ್ರಶ್ನೆ: ನನ್ನ ಗಂಡ ರೈಸ್ ಮಿಲ್ಲಿನಲ್ಲಿ ಹಮಾಲಿ. ದಿನಾ ಸಂಜೆ ಎರಡು ಕ್ವಾರ್ಟರ್ ಬೇಕೇ ಬೇಕು. ರಾತ್ರಿ ಜಗಳ ಆಡಿ, ಬೆಳಿಗ್ಗೆ "ನಾನು ಹಂಗೆ ಅಂದೇ ಇಲ್ಲ" ಅನ್ನುತ್ತಾರೆ. ಎದ್ದ ಕೂಡಲೇ ಚಹಾ ಕೊಟ್ಟರೆ ಕೈ ನಡುಗಿ ಅರ್ಧ ಚೆಲ್ಲುತ್ತದೆ. ಬರುವ ಹುಣ್ಣಿಮೆಗೆ ಹುಲಿಗೆಮ್ಮನ ಮುಂದೆ ಆಣೆ ಹಾಕಿಸಿ ಅವತ್ತೇ ಬಿಡಿಸಬೇಕು ಅಂತಿದ್ದೇನೆ. ಸರಿನಾ?
– ಓದುಗರು, ಗಂಗಾವತಿ

ಉತ್ತರ: ಮೊದಲು ಜಗಳದ ವಿಷಯ. ಅವರು ಹೇಳುವುದು ಸುಳ್ಳಲ್ಲದೇ ಇರಬಹುದು. ಖಾಲಿ ಹೊಟ್ಟೆಗೆ ಗಬಗಬ ಕುಡಿದರೆ ಮಿದುಳಿನ ಹಿಪೊಕ್ಯಾಂಪಸ್ ಅನ್ನುವ ಭಾಗ ಹೊಸ ನೆನಪು ಬರೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ. ಮನುಷ್ಯ ನಡೆಯುತ್ತಾನೆ, ಮಾತಾಡುತ್ತಾನೆ, ಬೈಯುತ್ತಾನೆ. ಮಿಲ್ಲಿಗೆ ಲಾರಿ ಬಂತು, ಚೀಲ ಇಳಿದವು, ಆದರೆ ಗುಮಾಸ್ತ ನಿದ್ದೆ ಹೊಡೀತಿದ್ದ, ಲೆಕ್ಕದ ಪುಸ್ತಕದಲ್ಲಿ ಏನೂ ಇಲ್ಲ ಅಂದರೆ ಹೇಗೋ ಹಾಗೆ. ಬರೆಯದ ಲೆಕ್ಕ ಮರುದಿನ ಎಷ್ಟು ಕೆದಕಿದರೂ ಸಿಗಲ್ಲ. (ಹಾಗಂತ ಬೈದದ್ದೆಲ್ಲ ಮಾಫಿ ಅಂತ ನಾನು ಹೇಳುತ್ತಿಲ್ಲ.)

ನನಗೆ ಹೆದರಿಕೆ ಆಗಿದ್ದು ಆ ಚಹಾದ ಮಾತು ಓದಿ. ಕುಡಿತ ಮಿದುಳಿಗೆ ಬ್ರೇಕ್ ಒತ್ತುತ್ತದೆ. ವರ್ಷಗಟ್ಟಲೆ ದಿನಾ ಒತ್ತಿದರೆ ಮಿದುಳು ಅದಕ್ಕೆ ಎದುರಾಗಿ ಆಕ್ಸಿಲರೇಟರ್ ತುಳಿದುಕೊಂಡೇ ಇರುತ್ತದೆ, ರಾತ್ರಿಯ ಅಮಲು ಇಳಿದಾಗ ಬೆಳಿಗ್ಗೆ ಕೈ ನಡುಗುವುದು ಅದರದೇ ಗುರುತು. ಇಂಥವರು ಒಮ್ಮೆಲೇ ಬಿಟ್ಟರೆ ಮೊದಲ 2 ದಿನದಲ್ಲಿ ಫಿಟ್ಸ್ ಬರಬಹುದು. ಆಮೇಲೆ ಕೆಲವರಿಗೆ ಇಲ್ಲದ ಹುಳ ಕಾಣುತ್ತದೆ, ಮನೆಯವರ ಗುರುತು ತಪ್ಪುತ್ತದೆ, ಮೈ ಬೆವರಿ ಜ್ವರ ಏರುತ್ತದೆ. ಜನ ಗಾಳಿ ಸೋಕಿದೆ ಅಂತಾರೆ. ಅದು ಜೀವ ಹೋಗುವಂಥ ಸ್ಥಿತಿ.

ಇನ್ನೊಂದು, ಊಟ. ಕುಡಿಯುವವರು ತಿನ್ನುವುದೇ ಕಡಿಮೆ, ತಿಂದದ್ದರಲ್ಲಿನ ಬಿ1 ವಿಟಮಿನ್ನನ್ನೂ ಕರುಳು ಸರಿಯಾಗಿ ಎಳೆದುಕೊಳ್ಳಲ್ಲ. ಅನ್ನದಲ್ಲಾದರೂ ಸಿಗಲಿ ಅಂದರೆ, ಅಕ್ಕಿ ಪಾಲಿಶ್ ಮಾಡುವಾಗ ಅದು ಬಹುಪಾಲು ತೌಡಿನ ಜೊತೆ ಹೋಗಿರುತ್ತದೆ. ನಿಮ್ಮವರು ಹೊರುವ ಚೀಲದಲ್ಲೇ ಇರಬಹುದು, ನೋಡಿ! ಕುಡಿಯದಿದ್ದಾಗಲೂ ತೂರಾಡುವುದು, ಕಣ್ಣುಗುಡ್ಡೆ ಅದುರುವುದು, ಗಲಿಬಿಲಿ ಕಂಡರೆ ತಕ್ಷಣ ಆಸ್ಪತ್ರೆಗೆ ಓಡಿ. "ಸುಮ್ನೆ ಒಂದು ಗ್ಲುಕೋಸ್ ಹಾಕಿ" ಅನ್ನಬೇಡಿ. ಬಿ1 ಇಂಜೆಕ್ಷನ್ ಇಲ್ಲದೆ ಬರೀ ಗ್ಲುಕೋಸ್ ಏರಿಸಿದರೆ ಇನ್ನೂ ಕೆಡಬಹುದು. ಕುಡಿತದ ಮಾತನ್ನು ಡಾಕ್ಟರಿಗೆ ಮುಚ್ಚಿಡಬೇಡಿ.

ಕೊಪ್ಪಳದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗದ ಡಾಕ್ಟರನ್ನು ಕೇಳಿ, ಅಲ್ಲಿವರೆಗೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ. ನಡುಕ, ಫಿಟ್ಸ್ ತಡೆಯುವ ಮಾತ್ರೆ ಕೊಟ್ಟು ಕೆಲವು ದಿನಗಳಲ್ಲಿ ಬಿಡಿಸುತ್ತಾರೆ. ಅದು ಮುಗಿಯಲಿ. ಹುಲಿಗೆಮ್ಮ ಮುಂದಿನ ಹುಣ್ಣಿಮೆಗೂ ಅಲ್ಲೇ ಇರುತ್ತಾಳೆ, ಅಲ್ವಾ?