ಓದುಗರ ಪ್ರಶ್ನೆ: ಗುಡ್ಡದ ಕೂವೆ, ತೋಟದ ಕೂವೆ

ಪ್ರಶ್ನೆ: ಕಾರ್ಕಳದ ಸಮೀಪ, ಗುಡ್ಡದ ಬುಡದಲ್ಲಿ ನಮ್ಮ ಮನೆಯಿದೆ. ಮಳೆ ಹಿಡಿಯುತ್ತಲೇ ಅರಸಿನದಂಥ ಎಲೆಯ, ಗುಲಾಬಿ ಹೂಗೊಂಚಲಿನ ಗಿಡಗಳು ಅಲ್ಲಿ ಏಳುತ್ತವೆ. ಅದು ಕೂವೆ ಎಂದು ನೆರೆಮನೆಯ ಹಿರಿಯರು ಹೇಳುತ್ತಾರೆ. ನನ್ನ ತವರಿನ ತೋಟದಲ್ಲಿದ್ದ ಕೂವೆಯ ರೂಪವೇ ಬೇರೆ. ನಿಜವಾದ ಕೂವೆ ಯಾವುದು? ಅದರ ಹುಡಿಯನ್ನು ಮನೆಯಲ್ಲಿ ಮಾಡುವುದು ಹೇಗೆ? ಮಗುವಿಗೆ ಕೊಡಬಹುದೇ?

ಉತ್ತರ: ಎರಡನ್ನೂ ಕೂವೆ ಎಂದೇ ಕರೆಯುತ್ತಾರೆ; ಆದರೆ ಅವು ಒಂದೇ ಕುಟುಂಬದ ಸಸ್ಯಗಳಲ್ಲ. ನಿಮ್ಮ ವರ್ಣನೆಗೆ ಹೊಂದುವುದು ಶುಂಠಿ, ಅರಸಿನಗಳ ಬಂಧುವಾದ ಕುರ್ಕುಮಾ ಅಂಗುಸ್ಟಿಫೋಲಿಯಾ. ಛತ್ತೀಸಗಢದ ಕಾಡುಗಳಲ್ಲಿ ತೀಖುರ್ ಎಂಬ ಹೆಸರಿನಿಂದ ಅಗೆದು ಬಳಸುವುದೂ ಇದನ್ನೇ. ಗುಲಾಬಿಯಾಗಿ ಕಾಣುವುದು ಹೂವಿಗೆ ಆಸರೆಯಾದ ಎಲೆಗಳು. ನಿಜವಾದ ಹೂ ಹಳದಿಯದು, ಅವುಗಳ ಸಂದಿನಿಂದ ಇಣುಕುತ್ತದೆ. ತೋಟದ್ದು ಬಹುಶಃ ಅಮೆರಿಕ ಖಂಡದ ಮೂಲದ ಮರಾಂಟಾ. ಅದರ ಹೂ ಚಿಕ್ಕದು, ಬಿಳಿ. ಗಡ್ಡೆ ಉದ್ದವಾಗಿದ್ದು ಪದರ ಪದರವಾದ ಸಿಪ್ಪೆ ಹೊಂದಿರುತ್ತದೆ.

ಗುಡ್ಡದ ಕೂವೆಯನ್ನು ಗುರುತಿಸುವಾಗ ಆತುರ ಸಲ್ಲದು. ಅದೇ ಕುಲದ ಕಸ್ತೂರಿ ಅರಸಿನಕ್ಕೂ ಗುಲಾಬಿ ತುರಾಯಿಯಿದೆ, ಆದರೆ ಅದರ ಗಡ್ಡೆಯನ್ನು ಕತ್ತರಿಸಿದರೆ ಹಳದಿ ಬಣ್ಣವೂ ಕರ್ಪೂರದಂಥ ವಾಸನೆಯೂ ತಿಳಿಯುತ್ತದೆ. ಅಪಾಯವಿರುವುದು ಗೌರಿ ಹೂವಿನ ಬಳ್ಳಿಯಲ್ಲಿ: ಅಂಥದೇ ಗುಡ್ಡಗಳಲ್ಲಿ ಬೆಳೆಯುವ ಅದರ ಗಡ್ಡೆ ಪ್ರಾಣಾಂತಿಕ ವಿಷ. ಕೂವೆಯನ್ನು ಅಗೆಯುವುದು ಎಲೆ ಒಣಗಿ ಬಿದ್ದ ಮೇಲೆ, ಅಂದರೆ ಮಕರ ಸಂಕ್ರಮಣದ ಆಸುಪಾಸಿನಲ್ಲಿ. ಆಗ ನೆಲದ ಮೇಲೆ ಗಿಡದ ಗುರುತೇ ಉಳಿದಿರುವುದಿಲ್ಲ. ಆದ್ದರಿಂದ ಎಲೆ, ಹೂ ಇರುವ ಮಳೆಗಾಲದಲ್ಲೇ ಬಲ್ಲವರಿಗೆ ತೋರಿಸಿ, ಗಿಡದ ಬುಡದಲ್ಲಿ ಗೂಟ ನೆಟ್ಟಿಡಿ. ಎಲ್ಲವನ್ನೂ ಅಗೆಯದೆ ಕೆಲವು ಗಡ್ಡೆಗಳನ್ನು ಮಣ್ಣಿನಲ್ಲೇ ಬಿಟ್ಟರೆ ಮುಂದಿನ ಮಳೆಗೂ ಗಿಡವಿರುತ್ತದೆ.

ಹುಡಿ ಮಾಡುವುದರಲ್ಲಿ ಕಷ್ಟವೆಲ್ಲ ತೊಳೆಯುವುದರಲ್ಲಿದೆ. ಗಡ್ಡೆಗಳ ಮಣ್ಣು, ಸಿಪ್ಪೆ ತೆಗೆದು, ತುರಿದು ಅಥವಾ ಅರೆದು, ಧಾರಾಳ ನೀರಿನಲ್ಲಿ ಕದಡಿ ತೆಳು ಬಟ್ಟೆಯಲ್ಲಿ ಸೋಸಬೇಕು. ನಾರು ಬಟ್ಟೆಯಲ್ಲಿ ಉಳಿಯುತ್ತದೆ, ಪಿಷ್ಟ ನೀರಿನೊಂದಿಗೆ ಇಳಿದು ಪಾತ್ರೆಯ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಕೆಲವು ಗಂಟೆಗಳ ಬಳಿಕ ಮೇಲಿನ ನೀರನ್ನು ಬಗ್ಗಿಸಿ, ಹೊಸ ನೀರು ಹೊಯ್ದು, ಕಲಕಿ, ಮತ್ತೆ ತಂಗಲು ಬಿಡಬೇಕು. ಕಾಡು ಕೂವೆಯ ಕಹಿಯು ಈ ನೀರಿನಲ್ಲೇ ಹೋಗಬೇಕಾಗಿರುವುದರಿಂದ, ಬಗ್ಗಿಸಿದ ನೀರು ತಿಳಿಯಾಗಿ, ನಾಲಿಗೆಗೆ ಕಹಿ ತಾಗದಾಗುವವರೆಗೆ ಇದನ್ನು ಮುಂದುವರಿಸಬೇಕು. ತೋಟದ ಕೂವೆಗೆ ಇಷ್ಟು ತಾಳ್ಮೆ ಬೇಡ. ಕೊನೆಗೆ ತಳದ ಗಟ್ಟಿಯನ್ನು ಬಿಳಿ ಬಟ್ಟೆಯ ಮೇಲೆ ಹರಡಿ, ಪುಡಿಯಾಗುವಂತೆ ಗರಿಗರಿಯಾಗಿ ಬಿಸಿಲಲ್ಲಿ ಒಣಗಿಸಿ ಡಬ್ಬಿಯಲ್ಲಿಡಿ. ಬುಟ್ಟಿ ಗಡ್ಡೆಗೆ ಸಿಗುವ ಹುಡಿ ನಿರಾಶೆ ಹುಟ್ಟಿಸುವಷ್ಟು ಕಡಿಮೆ. ಅಂಗಡಿಗಳಲ್ಲಿ ಆರಾರೂಟ್ (ಕೂವೆ ಹುಡಿಯ ಇಂಗ್ಲಿಷ್ ಹೆಸರು) ಎಂಬ ಹೆಸರಿನಲ್ಲಿ ಮರಗೆಣಸಿನ ಅಥವಾ ಮೆಕ್ಕೆಜೋಳದ ಪಿಷ್ಟ ಮಾರಾಟವಾಗುವುದಕ್ಕೆ ಇದೂ ಒಂದು ಕಾರಣವಿರಬಹುದು.

ನಮ್ಮ ಕರಾವಳಿಯಲ್ಲಿ ಇದರ ಮಣ್ಣಿಯೇ ಪ್ರಸಿದ್ಧ. ಒಂದು ಲೋಟ ಹುಡಿಯನ್ನು ತಣ್ಣೀರಿನಲ್ಲೇ ಕದಡಿಕೊಳ್ಳಿ. ಬಿಸಿ ನೀರಿಗೆ ನೇರವಾಗಿ ಸುರಿದರೆ ಗಂಟು ಕಟ್ಟುತ್ತದೆ. ಇದಕ್ಕೆ ತೆಳು ತೆಂಗಿನಹಾಲು, ಸೋಸಿದ ಬೆಲ್ಲದ ನೀರು ಸೇರಿ ಒಟ್ಟು ನಾಲ್ಕು ಲೋಟದಷ್ಟು ದ್ರವವಾಗಲಿ. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಿದ್ದರೆ ಹಿಟ್ಟು ದಪ್ಪವಾಗಿ ಗಾಜಿನಂತೆ ಹೊಳೆಯತೊಡಗುತ್ತದೆ. ಆಗ ತುಪ್ಪ, ಏಲಕ್ಕಿ ಹಾಕಿ, ತುಪ್ಪ ಸವರಿದ ತಟ್ಟೆಗೆ ಹೊಯ್ದು, ತಣಿದ ಮೇಲೆ ಕತ್ತರಿಸಿ. ಜ್ವರ ಬಿಟ್ಟವರಿಗೆ, ಹೊಟ್ಟೆ ಕೆಟ್ಟವರಿಗೆ ಸಿಹಿಯಿಲ್ಲದ ತೆಳು ಗಂಜಿ ಮಾಡುವ ರೂಢಿಯೂ ಇದೆ.

ಮಗುವಿನ ವಿಷಯದಲ್ಲಿ ಹಳೆಯ ರೂಢಿಯನ್ನು ಹಾಗೆಯೇ ಪಾಲಿಸಬೇಡಿ. ಆರು ತಿಂಗಳವರೆಗೆ ತಾಯಿಹಾಲು ಮಾತ್ರ ಸಾಕು. ಅನಂತರವೂ ಕೂವೆ ಗಂಜಿಯೊಂದನ್ನೇ ಉಣಿಸಕೂಡದು. ಅದು ಬಹುಪಾಲು ಬರೀ ಪಿಷ್ಟ, ಪ್ರೋಟೀನ್ ಇಲ್ಲವೆನ್ನುವಷ್ಟು ಅಲ್ಪ. ಬೇಳೆ, ತರಕಾರಿಗಳ ಜೊತೆಗೆ ಆಗೊಮ್ಮೆ ಈಗೊಮ್ಮೆ ಕೊಡಬಹುದು. ಭೇದಿಯಾದರೆ ಈ ಗಂಜಿಯನ್ನು ನೆಚ್ಚಿ ಕೂರದೆ ಓಆರ್‌ಎಸ್ ಕುಡಿಸಿ, ವೈದ್ಯರಿಗೆ ತೋರಿಸಿ.