ಲಿನಕ್ಸ್‌ನಲ್ಲಿ ನನ್ನದೇ ಫೈಲನ್ನು ಬೇರೆ ಬಳಕೆದಾರರ ಹೆಸರಿಗೆ ಮಾಡಲು ಯಾಕೆ ಬಿಡುವುದಿಲ್ಲ?

ಮುಖ್ಯ ಕಾರಣಗಳಲ್ಲೊಂದು ಡಿಸ್ಕ್ ಕೋಟಾ, ಅಂದರೆ ಒಬ್ಬ ಬಳಕೆದಾರರಿಗೆ ಡಿಸ್ಕಿನಲ್ಲಿ ಇಷ್ಟೇ ಜಾಗ ಅನ್ನುವ ಮಿತಿ. ಬಳಕೆದಾರರ ಕೋಟಾ ಫೈಲು ಯಾವ ಫೋಲ್ಡರಿನಲ್ಲಿದೆ ಅಂತ ನೋಡುವುದಿಲ್ಲ, ಯಾರ ಹೆಸರಲ್ಲಿದೆ ಅಂತಷ್ಟೇ ನೋಡುತ್ತದೆ. ಫೈಲಿನ ಒಡೆಯರನ್ನು ಬದಲಿಸುವ ಚೌನ್ (chown) ಕಮಾಂಡನ್ನು ಎಲ್ಲರಿಗೂ ಬಿಟ್ಟುಕೊಟ್ಟರೆ, ನಾನು 10 ಜಿಬಿ ವಿಡಿಯೊಗೆ 666 ಅನುಮತಿ (ಎಲ್ಲರೂ ಓದಬಹುದು, ಬರೆಯಬಹುದು) ಕೊಟ್ಟು, ನಿಮ್ಮ ಹೆಸರಿಗೆ ದಾಟಿಸಿ, 700 ಅನುಮತಿ (ನನಗಷ್ಟೇ ಪ್ರವೇಶ) ಇರುವ ನನ್ನ ಫೋಲ್ಡರಿನಲ್ಲೇ ಇಟ್ಟುಕೊಳ್ಳಬಹುದು. ಬಳಸುವುದು ನಾನು, ತುಂಬುವುದು ನಿಮ್ಮ ಕೋಟಾ. ಆ ಫೈಲು ನಿಮಗೆ ಕಾಣುವುದೂ ಇಲ್ಲ, ಅಳಿಸಲೂ ಬರುವುದಿಲ್ಲ! ಸಿಸ್ಟಮ್ ವಿ ಯುನಿಕ್ಸ್ ಇದಕ್ಕೆ ಅವಕಾಶ ಕೊಟ್ಟಿತ್ತು. ಯುನಿಕ್ಸ್‌ನ ಇನ್ನೊಂದು ಕವಲಾದ ಬಿಎಸ್‌ಡಿ ಅದನ್ನು ರೂಟ್‌ಗಷ್ಟೇ (ನಿರ್ವಾಹಕರ ಖಾತೆಗೆ) ಉಳಿಸಿತು, ಲಿನಕ್ಸ್ ಕೂಡ ಹಾಗೇ.

ಹಾರ್ಡ್ ಲಿಂಕ್, ಅಂದರೆ ಅದೇ ಫೈಲಿಗೆ ಕೊಡುವ ಇನ್ನೊಂದು ಹೆಸರು, ಕೋಟಾ ತುಂಬಿಸುವ ಮತ್ತೊಂದು ಕಿಂಡಿ. ನಿಮ್ಮ ಫೈಲಿಗೆ ನಾನು ಲಿಂಕ್ ಮಾಡಿಟ್ಟಿದ್ದರೆ, ನೀವು ಅಳಿಸಿದರೂ ಜಾಗ ನಿಮ್ಮ ಲೆಕ್ಕದಲ್ಲೇ ಉಳಿಯುತ್ತದೆ. 2012ರ ಲಿನಕ್ಸ್ 3.6 ಕರ್ನೆಲ್‌ನಲ್ಲಿ (ಲಿನಕ್ಸ್‌ನ ತಿರುಳು ಭಾಗ) ಬಂದ ಪ್ರೊಟೆಕ್ಟೆಡ್ ಹಾರ್ಡ್‌ಲಿಂಕ್ಸ್ ಸೆಟ್ಟಿಂಗ್ ಆನ್ ಇದ್ದರೆ ಇದು ಬಹುಪಾಲು ನಿಲ್ಲುತ್ತದೆ. ಫೈಲು ಕೊಡಲೇಬೇಕಾ? ಓದುವ ಅನುಮತಿ ಕೊಡಿ, ಅವರೇ ಕಾಪಿ ಮಾಡಿಕೊಳ್ಳಲಿ.